ಎಪ್ಪತ್ತೆರಡನೇ ಲೆವೆಲ್

ಬನಹಟ್ಟಿ ಬಸ್‌ಸ್ಟ್ಯಾಂಡಿನ ಹಿಂದ ನನ್ನ ಅಂಗಡಿ:
ಒಂದು ಮೇಜು, ಒಂದು ಫ್ಯಾನು,
ಒಡದ ಡಿಸ್‌ಪ್ಲೇ ತುಂಬಿದ ಬಿಸ್ಕೀಟಿನ ಡಬ್ಬಿ.
ನೀರಾಗ ಬಿದ್ದದ್ದು, ಎಮ್ಮಿ ತುಳದದ್ದು,
ಸಿಟ್ಟಿಲೆ ಗ್ವಾಡಿಗೆ ಒಗದದ್ದು,
ಎಲ್ಲಾ ಬಿಚ್ಚಿ ನೋಡೀನಿ.
ಬಸಪ್ರಭು ತಂದದ್ದು ಬಿಚ್ಚಾಕ ಬರೂವಂಥಾದ್ದಲ್ಲ.

"ಅಣ್ಣಾ, ಒಳಗ ಬಿಡವಲ್ದು" ಅಂದ.
ಫೋನು ನೆಟ್ಟಗಿತ್ತು. ಒಳಗ ಬಿಡಲಾರದ್ದು ಆಟ.
ರಾತ್ರಿಪಾಳಿ ಮುಗಿಸಿ ಹಂಗ ಬಂದಿದ್ದ,
ಹುಬ್ಬಿನ ಮ್ಯಾಲ ಹತ್ತಿಯ ಧೂಳು,
ಹದಿನೆಂಟರ ಮುಖಕ್ಕ ಅರವತ್ತರ ಹುಬ್ಬು.

ಆರು ತಿಂಗಳು ಆಡಿದ್ರೂ ಒಂಬತ್ತನೇ ಲೆವೆಲ್.
ಮಗ್ಗದ ನಡುವ ಸಿಗೂದು ಚಾ ಕುಡಿಯೂವಷ್ಟು ಹೊತ್ತು.
ಓಣಿ ಹುಡುಗರು ಐವತ್ತು ದಾಟಿದ ಮ್ಯಾಲ
ಇವನ್ನ ತಂಡಕ್ಕ ಕರಕೊಳ್ಳೂದು ಬಿಟ್ರು.
ಅದಕ್ಕ ಯಾರೋ ಬೆಳೆಸಿದ ಖಾತೆಯೊಂದು ಕೊಂಡ,
ಎಪ್ಪತ್ತೆರಡನೇ ಲೆವೆಲ್, ಬಂಗಾರದ ರೆಕ್ಕಿ ಸೈತ,
ಮೂರು ಸಾವಿರದ ಎಂಟುನೂರಕ್ಕ.
ಎರಡು ವಾರದ ಬಟವಾಡೆ.

ಹೋರಿ ಕೊಳ್ಳಾವ ಹಲ್ಲು ನೋಡ್ತಾನ, ಸುಳಿ ನೋಡ್ತಾನ,
ಹಳೇ ಗಾಡಿ ಕೊಳ್ಳಾವ ಆರ್‌ಸಿ ಕೇಳ್ತಾನ.
ನೀ ಏನು ನೋಡಿದಿ?
"ಫೋಟೋ ಕಳಿಸಿದ್ದ ಅಣ್ಣಾ."
ರೊಕ್ಕ ಹಾಕೂವಾಗ ಯಾರ ಹೆಸರು ಬಂತು?
"ಯಾವುದೋ ಕಿರಾಣಿ ಅಂಗಡೀದು."
ಈಗ ಆ ನಂಬರು?
ಅಂವ ಸುಮ್ಮನ ಫ್ಯಾನಿನ ಕಡೆ ನೋಡಿದ.

ಪಾಸ್‌ವರ್ಡ್ ನಿನ್ನ ಕಡೆ ಇದ್ರೇನು ತಮ್ಮಾ,
ಖಾತೆಯ ಹೊಕ್ಕಳಬಳ್ಳಿ ಮೊದಲನೇ ನಂಬರಿಗೇ ಐತಿ.
"ಮರ್ತೀನಿ" ಅಂತ ಅಂವ ಅಲ್ಲಿ ಒಂದು ಗುಂಡಿ ಒತ್ತಿದ್ರ
ಒಟಿಪಿ ಅವನ ಕಿಸೇದಾಗ ಗುಂಯ್ ಅಂತೈತಿ,
ಇಲ್ಲಿ ನೀ ಹೊರಗ.
ಮಾರಿದಾವನ ತಿರುಗಿ ಕಸಗೊಂಡ್ನೋ,
ಕಳುವಾದದ್ದು ಒಡೆಯಗ ಸಿಕ್ತೋ,
ಇಬ್ಬರ ಮುಖಾನೂ ನಾವು ಕಂಡಿಲ್ಲ.

ನಿನ್ನ ಮೇಲಿಗೂ ಅದ ಪಾಸ್‌ವರ್ಡ್ ಇಟ್ಟೀಯೇನು?
ಗೋಣು ಹಾಕಿದ.
ಮೊದಲ ಅದನ್ನ ಬದಲಿಸಿದ್ವಿ, ಆಮ್ಯಾಲ ಬ್ಯಾಂಕಿಂದು.
ಚಾ ಆರಿತು.

ಹೋಗೂವಾಗ ಚಪ್ಪಲ್ಯಾಗ ಕಾಲು ತುರುಕುತ್ತ ಹೇಳಿದ.
ಕೊಂಡ ಮೊದಲನೇ ರಾತ್ರಿ
ನಾಂದೇಡದ ಕಡೆಯವನೊಬ್ಬ ಆಟದಾಗ ಬರದಿದ್ನಂತ:
ಎಲ್ಲಿ ಹೋಗಿದ್ದ್ಯೋ, ಅಕ್ಕನ ಮದುವಿ ಆತೇನು?
ಇವಗ ಅಕ್ಕ ಇಲ್ಲ.
ಆತು ಅಂತ ಹೊಡದ, ಮುರುಕು ಹಿಂದ್ಯಾಗ.
ಊಟಕ್ಕೇನಿತ್ತು ಅಂತ ಬಂತು. ಜಿಲೇಬಿ ಅಂದ.
ಹನ್ನೊಂದು ರಾತ್ರಿ, ಗುಂಡು ಹಾರಿಸೂ ನಡುವ,
ಆ ಮದುವಿ ಬೆಳೀತು.
ಬೀಗರು ಛಲೋ ಮಂದಿ. ಬ್ಯಾಂಡಿನವರು ತಡಾ ಮಾಡಿದ್ರು.
ಅಕ್ಕ ಗಾಡಿ ಹತ್ತೂವಾಗ ಅತ್ತಳು.
ಹನ್ನೆರಡನೇ ರಾತ್ರಿ ಬಂದದ್ದು ಒಂದ ಸಾಲು:
ನೀ ಯಾರು? ಅವರ ಅಕ್ಕನ ಮದುವಿ ಮುಂದಿನ ತಿಂಗಳೈತಿ.
ಓದಿ ಮುಗಿಯೂದ್ರಾಗ ಪರದೆ ಬೆಳ್ಳಗಾತು.

ನಾ ಏನನ್ಲಿ.
ನನ್ನ ಡ್ರಾವರಿನಾಗೂ ಬಿಲ್ಲಿಲ್ಲದ ಫೋನು ಅದಾವ.
ಯಾರದೋ ತಾಯಿ ನಗೂ ಫೋಟೋ ಅಳಿಸಿ
ಬ್ಯಾರೇದವರಿಗೆ ಮಾರೀನಿ.

ಸಂಜಿಗೆ ಅವನ ಶೆಡ್ಡಿನ ಮುಂದ ಹಾದ್ನಿ.
ಎಳಿ ಹರದಿತ್ತು. ಮಗ್ಗ ನಿಲ್ಲಿಸಿ,
ಎರಡೂ ತುದಿ ಹಿಡದು, ನೋಡದನ ಗಂಟು ಹಾಕಿದ.
ನನ್ನ ಕಂಡು ಹೊರಗ ಬಂದ,
ಸಪ್ಪಳದಾಗ ಕಿವಿಗೆ ಬಾಯಿ ಹಚ್ಚಿ:
"ಅಣ್ಣಾ, ರೊಕ್ಕ ಹೋಗ್ಲಿ.
ನನ್ನ ಒಂಬತ್ತರಿಂದ ಅವಗ ಒಂದು ಮಾತು ಕಳಿಸಾಕ ಬರತೈತೇನು?
ಮದುವಿ ಛಲೋ ಆಗ್ಲಿ ಅಂತ, ಅಷ್ಟ."