ಏಳನೇ ನೀರು

ಬೆಕ್ಕಿನ ಕಣ್ಣಿನಾಕಿ ನಾನು.
ಎಡಗುಡ್ಡಿಯೊಳಗ ಎಳ್ಳಿನಷ್ಟು ಕರಿ ಮಚ್ಚಿ,
ಹುಟ್ಟಿದಾಗಿಂದ ಐತಿ.
ಲಕ್ಷ್ಮಿ ಇಟ್ಟ ಬೊಟ್ಟು ಅಂತಿದ್ದಳು ಅಜ್ಜಿ.
ಕನ್ಯಾ ನೋಡಾಕ ಬಂದವರ ಮುಂದ ಮಾತ್ರ
ಬಲಮಗ್ಗಲಾ ಮಾಡಿ ಕುಂದ್ರಿಸಿದಳು.

ನಾಲ್ವತ್ತು ವರ್ಷ ಬೆಟಗೇರಿಯೊಳಗ
ನೂಲಿಗೆ ಬಣ್ಣ ಹಾಕೀನಿ.
ಕುದಿ ಸಾಲದ ಕರಿ, ಉಪ್ಪು ಹಿಡಿಯದ ಕರಿ
ತೊಳೆದಷ್ಟೂ ಬಿಡತೈತಿ:
ಮೊದಲನೇ ನೀರಿಗೆ, ಎರಡನೇ ನೀರಿಗೆ,
ಏಳನೇ ನೀರಿಗೂ.
ಮೋರಿಯ ಜಾಳಿಗಿ ಕಟ್ಟಿ ಅಂಗಳಕ್ಕ ಉಕ್ಕಿದಾಗ
ಮೊಣಕೈ ತನಕ ಕೈ ಇಳಿಸಿ
ಆ ರಾಡಿ ಎತ್ತಿದಾಕಿ ನಾನು.

ಈ ವರ್ಷ, ಬಲಗಣ್ಣು ಮುಚ್ಚಿದರ
ಬೀದಿ ದೀಪಕ್ಕೆಲ್ಲಾ ಕಾಮನಬಿಲ್ಲಿನ ಬಳಿ.

ಹುಬ್ಬಳ್ಳಿಯ ಡಾಕ್ಟರು, ಸಣ್ಣ ವಯಸ್ಸಿನಾಕಿ,
ಕಣ್ಣಿಗೆ ಗಾಜಿನ ಬಟ್ಟಲಾ ಹಚ್ಚಿ
ಒಳಗಿನ ಮೂಲಿ ಮೂಲಿ ಹಣಿಕಿ ಹಾಕಿದಳು.
"ಬಲಗಣ್ಣು ಹದಿನಾಲ್ಕು. ಎಡಗಣ್ಣು ಮೂವತ್ತೆಂಟು.
ಅಂಬೂಬಾಯಿ, ಆ ಮಚ್ಚಿ ಬೆಳದೈತಿ,
ಬಣ್ಣ ಉದುರಸಾಕ್ಹತ್ತೈತಿ.
ಒಳಗಿನ ನೀರು ಹರಿದು ಹೋಗೋ ಸಣ್ಣ ಜಾಳಿಗಿಗೆ
ಕಾಡಿಗಿ ಮೆತ್ತಿದಂಗ ಕುಂತೈತಿ.
ಅದಕ್ಕ ಒತ್ತಡ. ಹಿಂದ ನರ ಬಾಡತೈತಿ."

ನನಗ ನಗು ಬಂತು.
ಇಷ್ಟ ಹೌದಲ್ಲವ್ವಾ,
ಇನ್ನೊಂದು ಮೋರಿ ತೋಡಿಬಿಡು.

ಆಕಿ ನಗಲಿಲ್ಲ.
"ತೋಡಬಹುದು. ಆದರ ಅದು ಯಾವ ಕರಿ
ಅನ್ನೋದು ಮೊದಲ ತಿಳೀಬೇಕು.
ಸಾದಾ ಮಚ್ಚಿ ಆದರ ಚಿಂತಿಲ್ಲ.
ಕೆಟ್ಟದ್ದಾಗಿದ್ದರ
ನಾ ತೋಡಿದ ದಾರಿ ಹಿಡಿದು
ಮನಿ ಬಿಟ್ಟು ಓಣಿಗೆ ಇಳೀತೈತಿ."

ಕೂದಲಿನಂಥಾ ಸೂಜಿಲೆ ಒಂದು ಹನಿ ತಗದು
ಎಲ್ಲಿಗೋ ಕಳಿಸ್ಯಾರ. ಎಂಟು ದಿನ ಅಂದಾರ.
ಬಸ್ಸು ಅಣ್ಣಿಗೇರಿ ದಾಟೂತನಕ ಮಗಳು ಮಾತಾಡಲಿಲ್ಲ.
ಆಮ್ಯಾಲೆ ಅಂದಳು:
"ಇನ್ನ ಮ್ಯಾಲೆ ಕರಿ ಬಣ್ಣದ ಆರ್ಡರ್ ಹಿಡೀಬ್ಯಾಡವ್ವಾ."
ಕರಿ ಏನು ಮಾಡೀತವ್ವಾ ಪಾಪ,
ಅದನ್ನ ಅದರ ಜಾಗಾದಾಗ ನಿಲ್ಲಸಾಕ
ಬರಬೇಕಷ್ಟ.

ಮುಂಜಾನಿ ಒಂದು ಹನಿ, ಸಂಜಿಗೆ ಒಂದು ಹನಿ ಔಷಧ.
ನಡುವ ಕೆಲಸ ಬಿಟ್ಟಿಲ್ಲ.
ಇವತ್ತ ಐದನೇ ದಿನ.
ಇಳಕಲ್ಲಿನವರ ಕರಿ ಲಡಿ ಜಾಡಿಸಿ
ಏಳನೇ ನೀರು ಗಾಜಿನ ಲೋಟದಾಗ ಹಿಡಿದು
ಬೆಳಕಿಗೆತ್ತಿ
ಎಡಗಣ್ಣಿಲೆ ನೋಡತೀನಿ.

ಮಬ್ಬು ಐತಿ.
ನೀರಿಂದೋ,
ನಂದೋ.