ಕೊಂಡಿ

ಗೇಟಿನ ಕೊಂಡಿ ಸಡಿಲಾಗಿ ಮೂರು ತಿಂಗಳು.
ನಾಳೆ, ನಾಳೆ ಎಂದೆ.
ಜೆಪ್ಪುವಿನಲ್ಲಿ ವೆಲ್ಡರುಗಳಿಗೇನು ಬರವೇ?

"ಏನೂ ಮಾಡುವುದಿಲ್ಲ, ಮಗುವಿನ ಹಾಗೆ"
ಎನ್ನುತ್ತಿದ್ದೆ,
ಐವತ್ತು ಕಿಲೋ ರಾಟ್‌ವೀಲರಿನ ಕುತ್ತಿಗೆ ತುರಿಸುತ್ತ.

ಸರಸಕ್ಕನ ಬೊಳ್ಳು
ಬಂಗುಡೆಯ ತಲೆ ಕಚ್ಚಿಕೊಂಡು ರಸ್ತೆ ದಾಟುತ್ತಿತ್ತು, ಅಷ್ಟೆ.
ಎರಡು ಬಕೆಟ್ ನೀರು ಹೊಯ್ದರೂ
ದವಡೆ ಬಿಡಲಿಲ್ಲ.

ಆಮೇಲೆ ನನ್ನವನು ಬಂದು
ಅದೇ ನಾಲಿಗೆಯಿಂದ ನನ್ನ ಕೈ ನೆಕ್ಕಿದ.

ಹಣ ಹಿಡಿದು ಹೋದೆ. ಮುಟ್ಟಲಿಲ್ಲ.
ಬೊಳ್ಳುವಿನ ತಟ್ಟೆ ತೊಳೆಯುತ್ತ ಕೇಳಿದಳು:
"ಕೊಂಡಿ ಹಾಕಿಸಿದಿರಾ, ಪೊರ್ಬುಗಳೇ?"

ಈಗ ಅವನ ಬಾಯಿಗೆ ಬುಟ್ಟಿ,
ನನ್ನ ಮುಂಗೈಗೆ ಹಗ್ಗ ಎರಡು ಸುತ್ತು.
ಎದುರಿನವರು ದಾರಿ ಬದಲಿಸುವ ಮೊದಲೇ
ನಾನು ಬದಲಿಸುತ್ತೇನೆ.

ಆ ಒಂದು ಅಂಗಳದ ಮುಂದೆ ಮಾತ್ರ ಬೇರೆ ದಾರಿಯಿಲ್ಲ.
ತಲೆ ತಗ್ಗಿಸಿ ನಡೆಯುವವನು ನಾನು.
ಅವನು ಬಾಲ ಆಡಿಸುತ್ತಾನೆ.