ಟಚಿಂಗ್

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ, ವಡಾಪಾವ್ ಗಾಡಿಯ ಹಿಂದೆ
ಎಂಟಡಿ ಅಗಲದ ನನ್ನ ಸ್ಟುಡಿಯೋ.
ಇಪ್ಪತ್ತಾರು ವರ್ಷ
ಊರವರ ಮುಖಗಳಿಂದ ಮೊಡವೆ ತೆಗೆದೆ,
ಒಂದು ಹನಿ ರಕ್ತ ಬರದ ಹಾಗೆ.

ನೆಗೆಟಿವ್ ಎಂದರೆ ತಿರುಗುಮುರುಗು ಲೋಕ:
ಅಲ್ಲಿ ಕೂದಲು ಬಿಳಿ, ಹಲ್ಲು ಕಪ್ಪು,
ಕೆಂಪಗೆ ಬಾತ ಮೊಡವೆಯೋ
ಬೆಳಕು ತೂರಿ ಬರುವ ಸಣ್ಣ ತೂತು.
ಚೂಪಾಗಿ ಹೆರೆದ ಪೆನ್ಸಿಲಿನಿಂದ, ಉಸಿರು ಬಿಗಿಹಿಡಿದು
ಆ ಬೆಳಕನ್ನು ಮುಚ್ಚಬೇಕು.
ಇಷ್ಟೇ ನನ್ನ ವಿದ್ಯೆ.

ಗಂಡಿನ ಕಡೆಗೆ ಫೋಟೋ ಕಳಿಸುವವರೇ ಹೆಚ್ಚು.
ತಾಯಂದಿರು ಗಲ್ಲಾದ ಮೇಲೆ ಬಾಗಿ, ದನಿ ತಗ್ಗಿಸಿ
‘ಜರಾ ಟಚಿಂಗ್ ಕರಾ, ಭಾಊ’ ಅನ್ನುವರು.
ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ
ಕಳೆದುಹೋದ ತಿಂಗಳನ್ನು ಓದುತ್ತ ನಿಂತಿರುವಳು.

ಮುಲುಂಡಿನ ಹೋಟೆಲಿನಿಂದ ಶೀನ ಬಂದಿದ್ದ, ಹದಿನಾರಿರಬೇಕು.
ಟೇಬಲ್ ಒರೆಸುತ್ತಿದ್ದವನನ್ನು ಧಣಿ ಒಳಗೆ ಗ್ರೈಂಡರಿಗೆ ಹಾಕಿದ್ದರು,
ಗಿರಾಕಿಗಳು ಅಸಹ್ಯಪಡುತ್ತಾರಂತೆ.
‘ಊರಿಗೆ ಕಳಿಸೋ ಫೋಟೋ.
ಅಮ್ಮ ಕಂಡ್ರೆ ಸಿಡುಬು ಅಂತ ಹೆದರ್ತಾಳೆ.’
ಅವನದ್ದು ಮೂರು ರಾತ್ರಿಯ ಕೆಲಸ.
ದುಡ್ಡು ತೆಗೆದುಕೊಳ್ಳಲಿಲ್ಲ ಎಂದು ಹೇಳಬೇಕೆನಿಸುತ್ತದೆ.
ತೆಗೆದುಕೊಂಡೆ, ಅರ್ಧ.

ನಮ್ಮ ಉಜ್ವಲಾಗೆ ಹದಿನೈದಕ್ಕೆ ಶುರುವಾಯಿತು.
ಹಣೆ, ಆಮೇಲೆ ಗದ್ದ, ಆಮೇಲೆ ಬೆನ್ನು.
ಚಾಳಿನ ನಲ್ಲಿಯ ಸಾಲಿನಲ್ಲಿ ಎಲ್ಲರೂ ಡಾಕ್ಟರುಗಳೇ:
ಮುಲ್ತಾನಿ ಮಿಟ್ಟಿ, ಬೇವು, ಹಲ್ಲುಜ್ಜುವ ಮುಂಚಿನ ಉಗುಳು,
ಎಣ್ಣೆತಿಂಡಿ ಬಿಡಿಸಿ, ಹೊಟ್ಟೆ ಕೆಟ್ಟಿದೆ.
ಪರಬ್ ಬಾಯಿಯಂತೂ ಕಣ್ಣು ಮಿಟುಕಿಸಿ,
ಮದುವೆಯಾದರೆ ತಾನೇ ಹೋಗುತ್ತೆ ಅಂದಳು.
ಹುಡುಗಿ ದಿನಕ್ಕೆ ಏಳು ಸಲ ಮುಖ ತೊಳೆದಳು.
ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಒಂದು ಗಂಟೆ.

ಮುನಿಸಿಪಾಲಿಟಿ ಆಸ್ಪತ್ರೆಯ ಡಾಕ್ಟರಮ್ಮ
ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು:
ಇದು ಕೊಳೆಯಲ್ಲ ಮಗು, ನಿನ್ನ ತಪ್ಪೂ ಅಲ್ಲ.
ರೋಮದ ಬುಡದಲ್ಲಿ ಎಣ್ಣೆಯ ಪುಟ್ಟ ಗುಡಾಣ,
ಪ್ರಾಯಕ್ಕೆ ಉಕ್ಕುತ್ತದೆ, ಬಾಯಿ ಕಟ್ಟುತ್ತದೆ,
ಒಳಗೆ ಸಿಕ್ಕಿದ್ದು ಬಾಯುತ್ತದೆ.
ತಿಕ್ಕಿ ತಿಕ್ಕಿ ಗಾಯ ಮಾಡಿಕೊಳ್ಳಬೇಡ.
ಮುಲಾಮಿಗೆ ತಿಂಗಳುಗಟ್ಟಲೆ ಬೇಕು.
ನಾವು ಬಾಗಿಲು ದಾಟುವಾಗ ಕರೆದು ಕೇಳಿದರು:
‘ರಾತ್ರಿ ನಿದ್ದೆ ಬರುತ್ತಾ?’
ಉಜ್ವಲಾ ನನ್ನ ಕಡೆ ನೋಡಿ ಹೂಂ ಅಂದಳು.
ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ.

ಸ್ಟೀಲ್ ತಟ್ಟೆ ಬಿಟ್ಟು ಪ್ಲಾಸ್ಟಿಕ್ಕಿನದ್ದು ಹಿಡಿದಳು.
ಲೋಕಲ್ಲಿನಲ್ಲಿ ಸೀಟು ಖಾಲಿಯಿದ್ದರೂ
ಬಾಗಿಲಲ್ಲಿ, ಹೊರಗೆ ಮುಖ ಮಾಡಿ ನಿಲ್ಲುವಳು.
ಗಾಳಿಗೆ ಇಷ್ಟ ಅಂದುಕೊಂಡೆ.

ಹನ್ನೆರಡನೆಯ ಪರೀಕ್ಷೆಗೆ ಫೋಟೋ ಬೇಕಿತ್ತು.
ನಾನೇ ತೆಗೆದೆ. ಅವಳು ಹೇಳಿರಲಿಲ್ಲ,
ನಾನು ಕೇಳಿರಲಿಲ್ಲ,
ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು.
ಎಂಟು ಪ್ರತಿ, ಬಿಳಿ ಲಕೋಟೆ.
ಅವಳು ಬಹಳ ಹೊತ್ತು ನೋಡಿದಳು.

‘ಏನೂ ಅನ್ನದವನು ನೀನೊಬ್ಬನೇ ಇದ್ದೆ.
ನಿನಗೆ ಕಾಣಿಸೋದೇ ಇಲ್ಲ ಅಂತ ತಿಳಿದಿದ್ದೆ, ಅಪ್ಪ.
ಒಂದೊಂದನ್ನೂ ಹುಡುಕಿದ್ದೀಯಲ್ಲ.’

ಆ ರಾತ್ರಿ ಅಂಗಡಿಯ ಷಟರ್ ಅರ್ಧ ಎಳೆದು
ಟರ್ಪೆಂಟೈನ್ ಅದ್ದಿದ ಹತ್ತಿಯಿಂದ
ನೆಗೆಟಿವ್‌ನ ಪೆನ್ಸಿಲ್ ಒರೆಸಿದೆ.
ಬಲ್ಬಿಗೆ ಹಿಡಿದೆ. ಫಾಸ್ಟ್ ಟ್ರೇನೊಂದು ಹೋಯಿತು,
ಬಾಟಲಿಗಳೆಲ್ಲ ನಡುಗಿದವು.
ಮಗಳ ಕೆನ್ನೆಯ ತುಂಬ ಬೆಳಕು.
ಎಣಿಸಬಾರದೆಂದು ಕಣ್ಣು ಮುಚ್ಚಿದೆ;
ಕೈಗೆ ಲೆಕ್ಕ ಗೊತ್ತಿತ್ತು, ನಲವತ್ತೊಂದು.

ಹೊಸ ಪ್ರಿಂಟುಗಳನ್ನು ಅವಳ ಪುಸ್ತಕದ ಮೇಲಿಟ್ಟು ಮಲಗಿದೆ.
ಬೆಳಗ್ಗೆ ಎರಡು ಲಕೋಟೆಗಳೂ ಅಲ್ಲಿರಲಿಲ್ಲ.
ಯಾವುದನ್ನು ಅಂಟಿಸಿದಳೋ,
ಇವತ್ತಿಗೂ ಕೇಳಿಲ್ಲ.